ಗಯಾಗಮ್, ಗೊಮುಂಗೊ, ಯಾತ್ಗಾ: ಉಳಿಸುವುದು ಹೇಗೆ, ಬದಲಿಸುವುದು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಇವೆಲ್ಲ ಒಂದೇ ಬಗೆಯ ವಾದ್ಯಗಳೇ?

ಕೊರಿಯಾದ ಗಯಾಗಮ್ ಮತ್ತು ಮಂಗೋಲಿಯಾದ ಯಾತ್ಗಾ ಒಂದೇ ಬಳಗದವು. ಮೇಲ್ಭಾಗ ಸ್ವಲ್ಪ ಉಬ್ಬಿದ ಉದ್ದನೆಯ ಮರದ ಪೆಟ್ಟಿಗೆ, ಅದರ ಉದ್ದಕ್ಕೂ ಬಿಗಿದ ತಂತಿಗಳು, ಪ್ರತಿ ತಂತಿಯ ಕೆಳಗೂ ಜರುಗಿಸಬಹುದಾದ ಒಂದೊಂದು ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಪುಟ್ಟ ಆಸರೆ. ಚೀನಾದ ಗುಝೆಂಗ್, ಜಪಾನಿನ ಕೋಟೊ ಕೂಡ ಇದೇ ಬಳಗಕ್ಕೆ ಸೇರುತ್ತವೆ. ಬಲಗೈ ಕುದುರೆಯ ಬಲಕ್ಕೆ ಮೀಟುತ್ತದೆ. ಎಡಗೈ ಕುದುರೆಯ ಎಡಕ್ಕೆ ಅದೇ ತಂತಿಯನ್ನು ಒತ್ತಿ ಸ್ವರವನ್ನು ಏರಿಸುತ್ತದೆ, ಇಳಿಸುತ್ತದೆ, ನಡುಗಿಸುತ್ತದೆ. ಸಂರಕ್ಷಣೆಯ ಬಗ್ಗೆ ನಡೆಯುವ ಬಹುಪಾಲು ವಾದಗಳು ಕೊನೆಗೆ ಈ ಎಡಭಾಗಕ್ಕೇ ಬಂದು ನಿಲ್ಲುತ್ತವೆ.

ಕೊರಿಯಾದ ಗೊಮುಂಗೊ ಬೇರೆ ಜಾತಿ. ಅದಕ್ಕೆ ಆರು ತಂತಿ, ವೀಣೆಯಂತೆ ಮೆಟ್ಟಿಲುಗಳು, ಒಟ್ಟು 16. ಮೂರು ತಂತಿಗಳು ಮೆಟ್ಟಿಲುಗಳ ಮೇಲೆ ಹಾಯುತ್ತವೆ, ಉಳಿದ ಮೂರು ಜರುಗುವ ಕುದುರೆಗಳ ಮೇಲೆ ನಿಲ್ಲುತ್ತವೆ. ಬೆರಳಿನ ಬದಲು ಸುಲ್‌ದೆ ಎಂಬ ಬಿದಿರಿನ ಕಡ್ಡಿಯಿಂದ ಹೊಡೆದು ನುಡಿಸುತ್ತಾರೆ. ಕೊರಿಯಾದ ಇನ್ನೊಂದು ತಂತಿವಾದ್ಯವಾದ ಆಜೆಂಗ್‌ಗೆ ಜರುಗುವ ಕುದುರೆಗಳಿದ್ದರೂ ಅದನ್ನು ಕಮಾನಿನಿಂದ ಉಜ್ಜುತ್ತಾರೆ. ಆಸ್ಥಾನ ಸಂಗೀತದಲ್ಲಿ ಆ ಕಮಾನು ರಾಳ ಹಚ್ಚಿದ ಬರೀ ಕೋಲು, ಕೂದಲಿಲ್ಲ.

ಗಯಾಗಮ್ ಎಷ್ಟು ಹಳೆಯದು? ಪುರಾವೆ ಇದೆಯೇ?

1145ರ ‘ಸಮ್‌ಗುಕ್ ಸಾಗಿ’ ಚರಿತ್ರೆಯ ಪ್ರಕಾರ ಕೊರಿಯಾದ ಗಯಾ ರಾಜ್ಯದ ದೊರೆ ಗಾಸಿಲ್ ಈ ವಾದ್ಯ ಮಾಡಿಸಿದ, ಉರುಕ್ ಎಂಬ ಸಂಗೀತಗಾರ ಅದಕ್ಕೆ ಹನ್ನೆರಡು ಕೃತಿಗಳನ್ನು ಕಟ್ಟಿದ. ಗಯಾ ಕುಸಿಯುವ ಹೊತ್ತಿಗೆ ಉರುಕ್ 6ನೇ ಶತಮಾನದ ನಡುವಿನಲ್ಲಿ ವಾದ್ಯ ಹೊತ್ತು ಸಿಲ್ಲಾ ರಾಜ್ಯಕ್ಕೆ ಹೋದ. ಈ ಕಥೆಯನ್ನು ಅಕ್ಷರಶಃ ನಂಬಬೇಕಿಲ್ಲ. ಗ್ವಾಂಗ್‌ಜು ಬಳಿಯ ಸಿನ್‌ಚಾಂಗ್‌ದೊಂಗ್ ಉತ್ಖನನದಲ್ಲಿ ಇದಕ್ಕಿಂತ ಶತಮಾನಗಳಷ್ಟು ಹಿಂದಿನ ಮರದ ತಂತಿವಾದ್ಯದ ಅವಶೇಷ ಸಿಕ್ಕಿದೆ. ಸಿಲ್ಲಾ ಕಾಲದ ಮಡಕೆಗಳ ಮೇಲೆ ಈ ಬಗೆಯ ವಾದ್ಯ ನುಡಿಸುತ್ತಿರುವ ಪುಟ್ಟ ಮಣ್ಣಿನ ಆಕೃತಿಗಳಿವೆ. ಜಪಾನಿನ ನಾರಾದ ಶೋಸೊಯಿನ್ ಭಂಡಾರದಲ್ಲಿ ಸಿಲ್ಲಾದಿಂದ ಹೋದ ವಾದ್ಯಗಳೇ ಇಂದಿಗೂ ಇವೆ.

ವಾದ್ಯ ಮಾಡುವವರಿಗೆ ಇವೆಲ್ಲಕ್ಕಿಂತ ಹೆಚ್ಚು ನೆರವಾಗುವುದು 1493ರ ‘ಅಖಾಕ್ ಗ್ವೆಬೊಮ್’. ಆಸ್ಥಾನಕ್ಕಾಗಿ ಸಿದ್ಧವಾದ ಈ ಗ್ರಂಥದಲ್ಲಿ ವಾದ್ಯಗಳ ಚಿತ್ರ, ಅಳತೆ, ಮರ, ಶ್ರುತಿ ಎಲ್ಲವೂ ದಾಖಲಾಗಿವೆ. ಹಳೆಯ ವಾದ್ಯದ ನಕಲು ಮಾಡಹೊರಟವರ ಬಳಿ ಐನೂರು ವರ್ಷ ಹಿಂದಿನ ಅಳತೆಪಟ್ಟಿ ಇರುವುದು ಅಪರೂಪದ ಅನುಕೂಲ. ಮಂಗೋಲಿಯಾದ ಯಾತ್ಗಾಗೆ ಇಂಥ ಆಧಾರ ಸಿಗುವುದಿಲ್ಲ. ಮುಂದಿನ ಎಷ್ಟೋ ವ್ಯತ್ಯಾಸಗಳ ಬೇರು ಇಲ್ಲಿದೆ.

ಅಂಗಡಿಯಲ್ಲಿ ‘ಸಾಂಜೊ ಗಯಾಗಮ್’, ‘ಚೊಂಗಾಕ್ ಗಯಾಗಮ್’ ಎಂದು ಎರಡು ಇರುತ್ತವೆ. ಯಾವುದು ಅಸಲಿ?

ಎರಡೂ ಅಸಲಿಯೇ, ಎರಡಕ್ಕೂ ಹನ್ನೆರಡೇ ತಂತಿ. ಚೊಂಗಾಕ್ ವಾದ್ಯ ಆಸ್ಥಾನದ, ಶಿಷ್ಟರ ಸಂಗೀತಕ್ಕೆ. ಸುಮಾರು 160 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಪೌಲೋನಿಯಾ ಮರದ ಒಂದೇ ದಿಮ್ಮಿಯನ್ನು ಹಿಂಬದಿಯಿಂದ ಕೊರೆದು ಟೊಳ್ಳು ಮಾಡಿರುತ್ತಾರೆ, ಬಾಲದ ತುದಿ, ಅಂದರೆ ಎಡತುದಿ, ಟಗರಿನ ಕಿವಿಯಂತೆ ಚಾಚಿರುತ್ತದೆ. ತಂತಿಗಳ ನಡುವೆ ಅಂತರ ಹೆಚ್ಚು, ನಡೆ ನಿಧಾನ.

ಸಾಂಜೊ ಎಂಬ ಏಕವ್ಯಕ್ತಿ ವಾದನ ರೂಪುಗೊಂಡದ್ದು 19ನೇ ಶತಮಾನದ ಕೊನೆಯಲ್ಲಿ. ಅದನ್ನು ಕಿಮ್ ಚಾಂಗ್‌ಜೊ (1865–1919) ಹೆಸರಿನೊಂದಿಗೆ ಜೋಡಿಸುತ್ತಾರೆ. ನಿಧಾನವಾದ ಜಿನ್ಯಾಂಗ್‌ಜೊ ಲಯದಲ್ಲಿ ಆರಂಭವಾಗಿ ಹಂತಹಂತವಾಗಿ ವೇಗ ಏರುವ ಈ ನುಡಿಕೆಗೆ ಅಗಲದ ವಾದ್ಯ ಅಡ್ಡಿಯಾಯಿತು. ಅದಕ್ಕೇ ಸುಮಾರು 145 ಸೆಂ.ಮೀ. ಉದ್ದದ, ಕಿರಿದಾದ ವಾದ್ಯ ಬಂತು: ಮೇಲ್ಹಲಗೆ ಪೌಲೋನಿಯಾ, ತಳಹಲಗೆ ಗಟ್ಟಿಯಾದ ಚೆಸ್ಟ್‌ನಟ್. ಇಂದು ನಾವು ‘ಸಾಂಪ್ರದಾಯಿಕ’ ಎನ್ನುವ ಈ ವಾದ್ಯವೇ ಒಂದು ಕಾಲದ ಆಧುನೀಕರಣದ ಫಲ. ಬದಲಾವಣೆಯೇ ಬೇಡ ಎಂದು ಹಟ ಹಿಡಿಯುವವರಿಗೆ ಈ ಸಂಗತಿ ಸ್ವಲ್ಪ ಮುಜುಗರ ತರುತ್ತದೆ.

ಸಾಂಜೊ ಗಯಾಗಮ್‌ನ ಶ್ರುತಿ ಹೇಗೆ?

ಕೆಳಗಿನಿಂದ ಮೇಲಕ್ಕೆ ಜಿ, ಸಿ, ಡಿ, ಜಿ, ಎ, ಸಿ, ಡಿ, ಇ, ಜಿ, ಎ, ಸಿ, ಡಿ. ‘ಸಿ’ಯನ್ನು ಷಡ್ಜ ಎಂದುಕೊಂಡರೆ ಮೋಹನದ ಸ್ವರಗಳು ಕಾಣುತ್ತವೆ. ಆದರೆ ನುಡಿಕೆ ಮೋಹನವಲ್ಲ. ಕೆಲವು ಸ್ವರಗಳನ್ನು ಅಲುಗಿಸದೆ ಹಿಡಿಯಬೇಕು, ಕೆಲವನ್ನು ದಪ್ಪವಾಗಿ ನಡುಗಿಸಬೇಕು, ಕೆಲವನ್ನು ಮೇಲಿನಿಂದ ಇಳಿಸಿ ಮುರಿಯಬೇಕು. ಗಮಕವಿಲ್ಲದ ಸ್ವರಾವಳಿಯನ್ನು ರಾಗ ಎನ್ನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರುತಿಯಲ್ಲಿ ಇಲ್ಲದ ಸ್ವರಗಳನ್ನೂ ಎಡಗೈ ಒತ್ತಿಯೇ ತರುತ್ತದೆ.

ಒಳ್ಳೆಯ ವಾದ್ಯಕ್ಕೆ ಮರವನ್ನು ವರ್ಷಗಟ್ಟಲೆ ಬಯಲಲ್ಲಿ ಬಿಡುವುದೇಕೆ? ಒಲೆಯಲ್ಲಿ ಒಣಗಿಸಬಾರದೇ?

ಪೌಲೋನಿಯಾ ಹಗುರ, ಬೇಗ ಬೆಳೆಯುವ ಮರ. ಅದರೊಳಗಿನ ರಸ ಮತ್ತು ಬಿಗಿತ ಎರಡೂ ಹೋಗಬೇಕು. ಹಲಗೆಗಳನ್ನು ಮಳೆ, ಹಿಮ, ಬಿಸಿಲಿಗೆ ಒಡ್ಡಿ ಹಲವು ವರ್ಷ ನಿಲ್ಲಿಸುತ್ತಾರೆ. ಮಳೆ ರಸವನ್ನು ತೊಳೆಯುತ್ತದೆ, ಬಿಸಿಲು ಒಣಗಿಸುತ್ತದೆ, ಸೀಳುವ ಹಲಗೆ ಅಲ್ಲೇ ಸೀಳಿಹೋಗುತ್ತದೆ. ಉಳಿದದ್ದಷ್ಟೇ ವಾದ್ಯಕ್ಕೆ. ಯಂತ್ರದ ಒಲೆಯಲ್ಲಿ ಕೆಲವೇ ವಾರಗಳಲ್ಲಿ ತೇವ ತೆಗೆಯಬಹುದು. ಆದರೆ ಹೊರಪದರ ಮೊದಲು ಒಣಗಿ ಬಿಗಿಯುತ್ತದೆ, ಒಳಗಿನ ಬಿಗಿತ ಹಾಗೇ ಉಳಿಯುತ್ತದೆ. ತಂತಿ ಎಳೆದ ಎರಡು ಮೂರು ಚಳಿಗಾಲಗಳ ನಂತರ ಹಲಗೆ ತಿರುಚಿಕೊಳ್ಳುತ್ತದೆ.

ಆಮೇಲೆ ಮೇಲ್ಹಲಗೆಯನ್ನು ಉಬ್ಬುವಂತೆ ಕೆತ್ತಿ, ಒಳಬದಿಯನ್ನು ತೆಳುಗೊಳಿಸುತ್ತಾರೆ. ಕೈಯಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಸ್ವಲ್ಪ ಕೆತ್ತುತ್ತಾರೆ. ಅಳತೆಯೊಂದೇ ಸಾಲದು, ಏಕೆಂದರೆ ಎರಡು ಹಲಗೆಗಳ ಸಾಂದ್ರತೆ ಒಂದೇ ಆಗಿರುವುದಿಲ್ಲ. ಹಲಗೆ ದಪ್ಪ ಉಳಿದರೆ ನಾದ ಮುಚ್ಚಿಕೊಳ್ಳುತ್ತದೆ. ತೀರಾ ತೆಳುವಾದರೆ ಮೊದಲಿಗೆ ಜೋರಾಗಿ ನುಡಿದು, ಕ್ರಮೇಣ ಕುದುರೆಗಳ ಒತ್ತಡಕ್ಕೆ ತಗ್ಗುತ್ತದೆ. ಕೊನೆಗೆ ಕಾಯಿಸಿದ ಕಬ್ಬಿಣದಿಂದ ಮೇಲ್ಮೈಯನ್ನು ಸುಟ್ಟು ಉಜ್ಜುತ್ತಾರೆ. ಇದು ಅಲಂಕಾರಕ್ಕಷ್ಟೇ ಅಲ್ಲ. ಮೆತ್ತನೆಯ ಮರದ ಮೇಲ್ಪದರ ಗಟ್ಟಿಯಾಗುತ್ತದೆ, ಹುಳ ಹಿಡಿಯುವುದು ಕಡಿಮೆಯಾಗುತ್ತದೆ, ಎಳೆಗಳು ಎದ್ದು ಕಾಣುತ್ತವೆ. ಅಗ್ಗದ ವಾದ್ಯಗಳಲ್ಲಿ ಇದರ ಬದಲು ಕಂದು ಬಣ್ಣ ಬಳಿದು ದಪ್ಪ ವಾರ್ನಿಶ್ ಹೊಡೆದಿರುತ್ತಾರೆ. ಕುದುರೆ ತೆಗೆದ ಜಾಗದಲ್ಲಿ ಪ್ಲಾಸ್ಟಿಕ್‌ನಂತೆ ಹೊಳೆದರೆ ಅನುಮಾನಿಸಿ.

ರೇಷ್ಮೆ ತಂತಿಯೋ, ಪಾಲಿಯೆಸ್ಟರ್ ತಂತಿಯೋ?

ಹನ್ನೆರಡು ತಂತಿಯ ವಾದ್ಯಕ್ಕೆ ರೇಷ್ಮೆ. ಇದರಲ್ಲಿ ರಾಜಿ ಬೇಡ. ಕಚ್ಚಾ ರೇಷ್ಮೆಯ ಎಳೆಗಳನ್ನು ಬೇಕಾದ ದಪ್ಪಕ್ಕೆ ಹೊಸೆದು, ಮರದ ತುಂಡಿಗೆ ಬಿಗಿಯಾಗಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಸೀರೆಗೆ ಹೋಗುವ ರೇಷ್ಮೆಯಿಂದ ಅಂಟನ್ನು ಕುದಿಸಿ ತೆಗೆದುಬಿಡುತ್ತಾರೆ, ರಾಮನಗರದ ಕಡೆಯವರಿಗೆ ಇದು ಗೊತ್ತು. ತಂತಿಗೆ ಬೇಕಾದದ್ದು ಆ ಅಂಟೇ. ಹಬೆಯಲ್ಲಿ ಅದು ಕರಗಿ, ಎಳೆಗಳನ್ನು ಒಂದಕ್ಕೊಂದು ಹಿಡಿದು, ತಣಿದ ಮೇಲೆ ಗಟ್ಟಿಯಾಗುತ್ತದೆ.

ರೇಷ್ಮೆ ತಂತಿಯನ್ನು ಹೆಚ್ಚು ಬಿಗಿಯದೆ ಕಟ್ಟುವುದರಿಂದ ಎಡಗೈ ಒತ್ತಿದಷ್ಟು ಬಾಗುತ್ತದೆ, ಸ್ವರ ದೂರಕ್ಕೆ ಏರುತ್ತದೆ. ತೊಂದರೆಗಳೂ ಇವೆ: ತೇವಕ್ಕೆ ಶ್ರುತಿ ಬದಲಾಗುತ್ತದೆ, ಬೆರಳಿನ ಬೆವರಿಗೆ ಎಳೆ ಬಿಡುತ್ತದೆ, ಸದ್ದು ಚಿಕ್ಕದು. ಪಾಲಿಯೆಸ್ಟರ್ ತಂತಿ ಜೋರು, ಸ್ಥಿರ, ಬಾಳಿಕೆ ಹೆಚ್ಚು. ಆದರೆ ಅದನ್ನು ಹೆಚ್ಚು ಬಿಗಿಯಬೇಕು. ಸಾಂಜೊ ವಾದ್ಯಕ್ಕೆ ಪಾಲಿಯೆಸ್ಟರ್ ಹಾಕಿ ಹಾಡು ಚೆನ್ನಾಗಿ ಬರುತ್ತಿಲ್ಲ ಎನ್ನುವವರು ಬಹಳ. ಕೈಯ ದೋಷವಲ್ಲ, ತಂತಿಯದು.

ನೃತ್ಯದ ಪಕ್ಕವಾದ್ಯಕ್ಕೆ ಉಕ್ಕಿನ ತಂತಿಯ ಗಯಾಗಮ್ ಕೂಡ ಬಳಕೆಯಲ್ಲಿದೆ. ನಾದ ಬಹಳ ಹೊತ್ತು ನಿಲ್ಲುತ್ತದೆ. ಅದರ ಬಣ್ಣವೇ ಬೇರೆ.

ರೇಷ್ಮೆ ತಂತಿ ಹರಿದರೆ ಇಡೀ ತಂತಿ ಬದಲಿಸಬೇಕೇ?

ಸಾಮಾನ್ಯವಾಗಿ ಬೇಡ. ಬಾಲದ ಕಡೆ ಪ್ರತಿ ತಂತಿಯ ಹೆಚ್ಚುವರಿ ಉದ್ದವನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ. ಅದು ಇರುವುದೇ ಇದಕ್ಕಾಗಿ. ಹರಿಯುವ ಜಾಗವೂ ಹೆಚ್ಚಾಗಿ ತಲೆಯ, ಅಂದರೆ ಬಲತುದಿಯ, ಕಡೆಯ ಹ್ಯನ್‌ಚಿಮ್ ಎಂಬ ಅಡ್ಡಪಟ್ಟಿಯ ಹತ್ತಿರವೇ.

ಮೊದಲು ಆ ತಂತಿಯ ಕುದುರೆಯನ್ನು ತೆಗೆದಿಡಿ. ಬಾಲದಲ್ಲಿ ತಂತಿಯನ್ನು ಹಿಡಿದಿರುವ ಬುದುಲ್ ಎಂಬ ದಪ್ಪ ಹತ್ತಿ ಹಗ್ಗವನ್ನು ಸಡಿಲಿಸಿ, ಸುರುಳಿಯಿಂದ ಬೇಕಾದಷ್ಟು ಉದ್ದ ಬಿಡಿಸಿ. ಸವೆದ ತುದಿಯನ್ನು ಕತ್ತರಿಸಿ, ಹೊಸ ತುದಿಯನ್ನು ತಲೆಯ ಕಡೆಯ ರಂಧ್ರದಲ್ಲಿ ಇಳಿಸಿ, ವಾದ್ಯದ ಅಡಿಯಲ್ಲಿರುವ ದೋಲ್‌ಗ್ವೆ ಎಂಬ ಬಿರಡೆಗೆ ಕಟ್ಟಿ ಎರಡು ಮೂರು ಸುತ್ತು ತಿರುಗಿಸಿ. ಆಮೇಲೆ ಬುದುಲ್ ಎಳೆದು ಬಿಗಿಯಿರಿ. ಇಲ್ಲಿ ಜೊತೆಗೆ ಇನ್ನೊಬ್ಬರಿದ್ದರೆ ಒಳ್ಳೆಯದು. ಕುದುರೆ ನಿಲ್ಲಿಸಿ, ದೊಡ್ಡ ವ್ಯತ್ಯಾಸವನ್ನು ಬಿರಡೆಯಿಂದ, ಸಣ್ಣದನ್ನು ಕುದುರೆ ಜರುಗಿಸಿ ಸರಿಪಡಿಸಿ. ಹೊಸದಾಗಿ ಎಳೆದ ಭಾಗ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಕಛೇರಿಯ ಹಿಂದಿನ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಒಂದೇ ತಂತಿ ಮತ್ತೆ ಮತ್ತೆ ಹರಿಯುತ್ತಿದ್ದರೆ ತಂತಿಯನ್ನು ಬೈದು ಫಲವಿಲ್ಲ. ಹ್ಯನ್‌ಚಿಮ್ ಮೇಲೆ ಚೂಪಾದ ಗೆರೆ ಬಿದ್ದಿರುತ್ತದೆ. ಬಹಳ ನಯವಾದ ಉಪ್ಪುಕಾಗದದಿಂದ ಅಂಚನ್ನು ದುಂಡಗೆ ಮಾಡಿ.

ಕುದುರೆಗಳು ಬೀಳುತ್ತವೆ, ಜಾರುತ್ತವೆ, ಕೆಲವು ಜುಮ್ಮೆನ್ನುತ್ತವೆ. ಏನು ಮಾಡಬೇಕು?

ಕುದುರೆಯ ಎರಡೂ ಪಾದಗಳು ಹಲಗೆಯ ಉಬ್ಬಿಗೆ ಪೂರ್ತಿ ಕೂರಬೇಕು. ಒಂದು ತೆಳು ಕಾಗದವನ್ನು ಪಾದದಡಿ ತೂರಿಸಿ ನೋಡಿ. ಒಂದು ಬದಿಯಲ್ಲಿ ಸಲೀಸಾಗಿ ಹೋದರೆ ಪಾದ ಎದ್ದಿದೆ. ಹಲಗೆಯ ಮೇಲೆ ಉಪ್ಪುಕಾಗದವನ್ನು ಮೇಲ್ಮುಖವಾಗಿ ಇಟ್ಟು, ಕುದುರೆಯನ್ನು ಅದೇ ಜಾಗದಲ್ಲಿ ಮೆಲ್ಲಗೆ ಉಜ್ಜಿದರೆ ಉಬ್ಬಿನ ಆಕಾರವೇ ಪಾದಕ್ಕೆ ಬರುತ್ತದೆ. ಪ್ರತಿ ಕುದುರೆಯ ಜಾಗ ಬೇರೆ, ಆದ್ದರಿಂದ ತೆಗೆದಾಗ ಸಂಖ್ಯೆ ಬರೆದಿಡುವುದು ಒಳ್ಳೆಯದು. ಜುಮ್ಮೆನ್ನುವುದಕ್ಕೆ ಕಾರಣ ಹೆಚ್ಚಾಗಿ ನೆತ್ತಿಯ ಗೀರು ಅಗಲವಾಗಿ ತಂತಿ ಅಲ್ಲಾಡುವುದು. ಅಂಥ ಕುದುರೆಯನ್ನು ಬದಲಿಸುವುದೇ ಸುಲಭ. ಜೋರಾಗಿ ಒತ್ತುವಾಗ ಕುದುರೆ ವಾಲುತ್ತಾ ಬರುತ್ತದೆ, ನುಡಿಸುವ ಮೊದಲು ಎಲ್ಲವನ್ನೂ ನೆಟ್ಟಗೆ ಮಾಡಿಕೊಳ್ಳಿ.

ಹನ್ನೆರಡು ತಂತಿ ಸಾಲದೆ ಇಪ್ಪತ್ತೈದು ಏಕೆ ಬಂತು?

ಹೊಸ ಸಂಗೀತ ಬಂದದ್ದರಿಂದ. ಆದರೆ ಹೊಸ ಸಂಗೀತಕ್ಕೆ ಹೆಚ್ಚು ತಂತಿ ಬೇಕೇಬೇಕು ಎಂದೇನೂ ಇರಲಿಲ್ಲ. ಹ್ವಾಂಗ್ ಬ್ಯಂಗ್‌ಗಿ (1936–2018) 1962ರಲ್ಲಿ ರಚಿಸಿದ ‘ಸುಪ್’ ಅನ್ನು ಗಯಾಗಮ್‌ನ ಆಧುನಿಕ ರಚನೆಗಳ ಆರಂಭ ಎಂದು ಗುರುತಿಸುತ್ತಾರೆ, ಅದು ಹಳೆಯ ವಾದ್ಯಕ್ಕೇ ಬರೆದದ್ದು. 1975ರ ‘ಮಿಗುಂಗ್’ನಲ್ಲಿ ತಂತಿಯನ್ನು ಕಮಾನಿನಿಂದ ಉಜ್ಜುವುದು, ನಗು ಅಳು ತುಂಬಿದ ಮಾನವ ಕಂಠ, ಎಲ್ಲ ಇತ್ತು, ಹೆಚ್ಚುವರಿ ತಂತಿ ಇರಲಿಲ್ಲ.

ಒತ್ತಡ ಬಂದದ್ದು ವಾದ್ಯವೃಂದಗಳಿಂದ. ಏಳು ಸ್ವರಗಳ ಶ್ರುತಿ, ಸ್ವರಮೇಳ, ಪಾಶ್ಚಾತ್ಯ ವಾದ್ಯಗಳ ಜೊತೆ ಸಮಬಲದ ಸದ್ದು ಬೇಕಾದವು. 18, 21, 22 ತಂತಿಗಳ ಪ್ರಯೋಗಗಳ ನಂತರ 1990ರ ದಶಕದಲ್ಲಿ ಪಾಲಿಯೆಸ್ಟರ್ ತಂತಿಯ 25ರ ವಾದ್ಯ ನೆಲೆಯೂರಿತು. 1999ರಲ್ಲಿ ಆರಂಭವಾದ ಸೂಕ್‌ಮ್ಯಂಗ್ ಗಯಾಗಮ್ ಆರ್ಕೆಸ್ಟ್ರಾದಂಥ ತಂಡಗಳು ಗಯಾಗಮ್‌ಗಳನ್ನಷ್ಟೇ ಸೇರಿಸಿ ವೃಂದ ಕಟ್ಟಲು ಇದರಿಂದ ಸಾಧ್ಯವಾಯಿತು.

ಹಾಗಾದರೆ ನಷ್ಟವೇನು?

ಎಡಗೈ. ಐದು ಸ್ವರಗಳ ಶ್ರುತಿಯಲ್ಲಿ ನಡುವಿನ ಖಾಲಿ ಜಾಗವನ್ನು ತುಂಬುವುದು ಎಡಗೈಯ ಕೆಲಸ. ಏಳೂ ಸ್ವರಗಳಿಗೆ ತಂತಿ ಕೊಟ್ಟ ಮೇಲೆ ಆ ಕೆಲಸವೇ ಉಳಿಯುವುದಿಲ್ಲ. ಕೆಲಸ ತಪ್ಪಿದ ಎಡಗೈ ಕುದುರೆಯ ಬಲಕ್ಕೆ ಬಂದು ಮಂದ್ರದ ಸ್ವರಗಳನ್ನು ಮೀಟತೊಡಗಿತು. ಪಿಯಾನೊ ಮಾದರಿಯ ನುಡಿಕೆ ಹುಟ್ಟಿದ್ದು ಹೀಗೆ. ಜೊತೆಗೆ ಭೌತಿಕ ಮಿತಿಗಳಿವೆ: ಬಿಗಿಯಾದ ತಂತಿಯನ್ನು ಅಷ್ಟೇ ಬಲದಿಂದ ಒತ್ತಿದರೆ ಸ್ವರ ಕಡಿಮೆ ಏರುತ್ತದೆ. ಮಂದ್ರದ ಕುದುರೆಗಳು ಬಾಲದ ಕಡೆಗೆ ಸರಿದಿರುವುದರಿಂದ ಒತ್ತಲು ಉಳಿಯುವ ತಂತಿ ಗಿಡ್ಡ. ತಂತಿಗಳು ಹತ್ತಿರ ಇರುವುದರಿಂದ ಪಕ್ಕದ್ದು ತಾಗುತ್ತದೆ. ಆದ್ದರಿಂದ ನೊಂಗ್‌ಹ್ಯನ್, ಅಂದರೆ ಆ ದಪ್ಪ ಕಂಪನ, 25ರಲ್ಲಿ ಆಳಕ್ಕೆ ಇಳಿಯುವುದಿಲ್ಲ.

ನಮ್ಮ ಅಭಿಪ್ರಾಯ ಸರಳ: 25 ತಂತಿಯದು ಬೇರೆಯೇ ವಾದ್ಯ. ಅದನ್ನು ಹನ್ನೆರಡರ ಸುಧಾರಿತ ರೂಪ ಎಂದು ಕರೆಯುವುದರಿಂದಲೇ ಜಗಳ. ಕಲಿಯುವವರು ಹನ್ನೆರಡರಲ್ಲಿ ಕೈ ಪಳಗಿಸಿಕೊಂಡು 25ಕ್ಕೆ ಹೋದರೆ ಎಡಗೈ ಅಲ್ಪಸ್ವಲ್ಪವಾದರೂ ಜೊತೆಗೆ ಹೋಗುತ್ತದೆ. ತಿರುಗುಮುರುಗು ದಾರಿಯಲ್ಲಿ ಹೋದವರಿಗೆ ಸಾಂಜೊ ತೀರಾ ಕಷ್ಟ.

ಉತ್ತರ ಕೊರಿಯಾದಲ್ಲಿ ಏನಾಯಿತು?

ಅಲ್ಲಿ ಸುಧಾರಣೆ ಸರ್ಕಾರದ ನೀತಿಯಾಗಿತ್ತು. ಗಯಾಗಮ್‌ಗೆ 21 ತಂತಿ ಬಂತು, ಏಳು ಸ್ವರಗಳ ಶ್ರುತಿ ಬಂತು. ಒರಟು ನಾದದ ಗೊಮುಂಗೊ ಮೂಲೆ ಸೇರಿತು. 1970ರ ದಶಕದಲ್ಲಿ ಒಕ್‌ರ್ಯುಗಮ್ ಎಂಬ 33 ತಂತಿಯ, ಪೆಡಲ್‌ನಿಂದ ಸ್ವರ ಬದಲಿಸುವ ಹೊಸ ವಾದ್ಯವೂ ಸಿದ್ಧವಾಯಿತು. ಚೀನಾದ ಯಾನ್‌ಬಿಯಾನ್‌ನ ಕೊರಿಯನ್ ಸಮುದಾಯದಲ್ಲೂ ಹೆಚ್ಚು ತಂತಿಗಳ ಗಯಾಗಮ್ ಬಳಕೆಯಲ್ಲಿದೆ.

ಮಂಗೋಲಿಯಾದ ಯಾತ್ಗಾ ಕೊರಿಯಾದಿಂದ ಬಂದದ್ದೇ?

ಯಾತ್ಗಾ ಹಳೆಯದು, ಆದರೆ 20ನೇ ಶತಮಾನದ ಅದರ ಪುನರುಜ್ಜೀವನಕ್ಕೆ ಕೊರಿಯಾದ ಕೈ ತಾಗಿದೆ. ಹಿಂದೆ ಹನ್ನೆರಡು ತಂತಿಯ ಯಾತ್ಗಾ ಆಸ್ಥಾನಕ್ಕೂ ಮಠಗಳಿಗೂ ಮೀಸಲಾಗಿತ್ತು, ಜನಸಾಮಾನ್ಯರಿಗೆ ಹತ್ತು ತಂತಿ ಎಂಬ ಕಟ್ಟಳೆ ಇತ್ತು. ಮಂಗೋಲಿಯಾದ ಕೊನೆಯ ಅರಸ ಬೊಗ್ದ್ ಖಾನ್ 1924ರಲ್ಲಿ ತೀರಿಕೊಂಡ ಮೇಲೆ ಅರಸೊತ್ತಿಗೆ ಮುಗಿಯಿತು, 1930ರ ದಶಕದ ಕೊನೆಯಲ್ಲಿ ಮಠಗಳನ್ನು ನಾಶ ಮಾಡಲಾಯಿತು. ಹೀಗೆ ವಾದ್ಯಕ್ಕಿದ್ದ ಎರಡೂ ಆಸರೆಗಳು ಹೋದವು. 1960ರ ಆಸುಪಾಸಿನಲ್ಲಿ ಉತ್ತರ ಕೊರಿಯಾದಿಂದ ಬಂದ ಪಾಠ ಮತ್ತು 13 ತಂತಿಯ ಮಾದರಿ ರಾಜಧಾನಿ ಉಲಾನ್‌ಬಾತರಿನಲ್ಲಿ ಹೊಸ ಪೀಳಿಗೆಯನ್ನು ತಯಾರು ಮಾಡಿದವು. ಇಂದು ವೇದಿಕೆಯಲ್ಲಿ ಹೆಚ್ಚಾಗಿ ಕಾಣುವುದು 21 ತಂತಿಯದು. ಶ್ರುತಿ ಐದು ಸ್ವರಗಳದೇ. ‘ಉರ್ತಿನ್ ದೂ’ ಎಂಬ ದೀರ್ಘ ಎಳೆತದ ಹಾಡಿಗೂ ಪಕ್ಕವಾದ್ಯವಾಗಿ ನುಡಿಯುತ್ತದೆ.

21 ತಂತಿಯ ಯಾತ್ಗಾಗೆ ಗುಝೆಂಗ್ ತಂತಿ ಹಾಕಬಹುದೇ?

ಹಾಕಬಹುದು, ಹಾಕುತ್ತಾರೆ. ಉಕ್ಕಿನ ಒಳತಂತಿಗೆ ನೈಲಾನ್ ಸುತ್ತಿದ ಈ ತಂತಿಗಳಲ್ಲಿ 1 ಅತಿ ತೆಳು, 21 ಅತಿ ದಪ್ಪ. ವಾದ್ಯದ ಉದ್ದ 163 ಸೆಂ.ಮೀ. ಹತ್ತಿರ ಇದ್ದರೆ ಸರಿ. ಗಿಡ್ಡ ವಾದ್ಯಕ್ಕೆ ಇದೇ ಸೆಟ್ ಹಾಕಿ ಅದೇ ಶ್ರುತಿಗೆ ತಂದರೆ ದಪ್ಪ ತಂತಿಗಳು ಸಡಿಲವಾಗಿ ಬಡಿಯುತ್ತವೆ. 12 ಅಥವಾ 13 ತಂತಿಯ ಹಗುರ ಯಾತ್ಗಾಗೆ ಮಾತ್ರ ಈ ತಂತಿ ಬೇಡ. ಕರುಳು, ರೇಷ್ಮೆ ಅಥವಾ ನೈಲಾನ್ ಲೆಕ್ಕಕ್ಕೆ ಮಾಡಿದ ಹಲಗೆ ಉಕ್ಕಿನ ಎಳೆತಕ್ಕೆ ಬಾಗುತ್ತದೆ. ಮೊದಲ ಲಕ್ಷಣ ಬಾಲ ಕೆಳಗೆ ಮಡಿಯುವ ಮೂಲೆಯ ಅಂಟು ಬಿಡುವುದು.

ಒಂದು ಎಚ್ಚರಿಕೆಯ ಮಾತು: ತಂತಿ, ಕುದುರೆ, ಸ್ಟ್ಯಾಂಡ್ ಎಲ್ಲ ಗುಝೆಂಗ್‌ನದಾದರೆ ನಾದವೂ ಅತ್ತಲೇ ವಾಲುತ್ತದೆ. ಮೊಣಕಾಲ ಮೇಲೆ ಒಂದು ತುದಿ ಇಟ್ಟು, ಇನ್ನೊಂದನ್ನು ನೆಲಕ್ಕೆ ಇಳಿಬಿಟ್ಟು ನುಡಿಸುವ ಕ್ರಮದಲ್ಲಿ ಕೈ ಬೀಳುವ ಕೋನವೇ ಬೇರೆ.

ಗೊಮುಂಗೊವನ್ನು ಹೆಚ್ಚು ಬದಲಿಸಿಲ್ಲವೇಕೆ?

ಅದರ ಸೊಗಸಿರುವುದೇ ಕಡ್ಡಿಯ ಪೆಟ್ಟಿನಲ್ಲಿ. ಸುಲ್‌ದೆ ತಂತಿಯನ್ನೂ ಹಲಗೆಯನ್ನೂ ಒಟ್ಟಿಗೆ ತಾಗುತ್ತದೆ, ಹಲಗೆ ಸವೆಯದಂತೆ ಆ ಜಾಗಕ್ಕೆ ದೆಮೊ ಎಂಬ ಹೊದಿಕೆ ಇದೆ. ನಾದ ದೊಡ್ಡದು ಮಾಡಹೊರಟರೆ ಈ ಪೆಟ್ಟೂ ದೊಡ್ಡದಾಗಿ ಉಳಿದದ್ದನ್ನು ನುಂಗುತ್ತದೆ. ಇಂದು ದೆಮೊ ಚರ್ಮದ್ದು, ಹಳೆಯ ವಾದ್ಯಗಳಲ್ಲಿ ಆಮೆಚಿಪ್ಪಿನದೂ ಇರಬಹುದು. ಆಮೆಚಿಪ್ಪು ಇದ್ದರೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ನಿಯಮಗಳು ಅನ್ವಯಿಸುತ್ತವೆ, ಪರವಾನಗಿ ಇಲ್ಲದೆ ಗಡಿ ದಾಟಿಸಬೇಡಿ.

ದಕ್ಷಿಣ ಕೊರಿಯಾದ ಸರ್ಕಾರಿ ಸಂರಕ್ಷಣೆ ಹೇಗೆ ನಡೆಯುತ್ತದೆ? ಕಲೆ ಹೆಪ್ಪುಗಟ್ಟುವುದಿಲ್ಲವೇ?

ಕಲೆಯನ್ನೂ ಅದನ್ನು ಬಲ್ಲ ವ್ಯಕ್ತಿಯನ್ನೂ ಗುರುತಿಸುವ ಕ್ರಮ 1962ರ ಕಾನೂನಿನಿಂದ ಆರಂಭವಾಯಿತು. ಗೊಮುಂಗೊ ಸಾಂಜೊ 1967ರಲ್ಲಿ, ಗಯಾಗಮ್ ಸಾಂಜೊ ಮತ್ತು ಹಾಡುತ್ತ ನುಡಿಸುವ ಬ್ಯಂಗ್‌ಚಾಂಗ್ 1968ರಲ್ಲಿ, ವಾದ್ಯ ತಯಾರಿಕೆ 1971ರಲ್ಲಿ ಪಟ್ಟಿಗೆ ಸೇರಿದವು. ನುಡಿಸುವವರ ಜೊತೆ ಮಾಡುವವರನ್ನೂ ಅಷ್ಟು ಬೇಗ ಸೇರಿಸಿಕೊಂಡದ್ದು ದೂರದೃಷ್ಟಿ. ವಾದ್ಯ ಮಾಡುವ ಕೈಗಳು ಇಲ್ಲವಾದ ಮೇಲೆ ವಾದಕರಿಗೆ ಮಾನ್ಯತೆ ಕೊಟ್ಟು ಏನು ಪ್ರಯೋಜನ?

ಹೆಪ್ಪುಗಟ್ಟುವ ಭಯ ನಿಜ. ಸಾಂಜೊ ಮೊದಲು ಮನೋಧರ್ಮದ ವಾದನ. ಧ್ವನಿಮುದ್ರಣ, ಸ್ವರಲಿಪಿ, ಪರೀಕ್ಷೆಗಳು ಬಂದ ಮೇಲೆ ಕಿಮ್ ಜುಕ್‌ಪಾ (1911–1989) ಮುಂತಾದವರ ಬಾನಿಗಳು ಸ್ವರಕ್ಕೆ ಸ್ವರ ಒಪ್ಪಿಸುವ ಪಾಠಗಳಾದವು. 2016ರಲ್ಲಿ ಜಾರಿಯಾದ ಹೊಸ ಕಾನೂನು ಮೂಲರೂಪವನ್ನು ಕೂದಲೆಳೆಯಷ್ಟೂ ಬದಲಿಸದೆ ಕಾಯುವ ತತ್ವವನ್ನು ಸಡಿಲಿಸಿ, ಕಲೆಯ ತಿರುಳು ಉಳಿದರೆ ಬದಲಾವಣೆಗೆ ಜಾಗ ಕೊಟ್ಟಿತು. ಆದರೂ ಸ್ಪರ್ಧೆಯ ತೀರ್ಪುಗಾರರ ಮುಂದೆ ಯಾರು ಧೈರ್ಯ ಮಾಡುತ್ತಾರೆ ಎಂಬುದು ಬೇರೆ ಮಾತು.

ಕರ್ನಾಟಕದಲ್ಲಿ ಈ ವಾದ್ಯ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು. ಕೋಣೆಯ ತೇವಾಂಶ 40ರಿಂದ 60 ಪ್ರತಿಶತದ ನಡುವೆ ಇದ್ದರೆ ಸಾಕು. ಒಂದು ತೇವಮಾಪಕ ಕೊಂಡು ಪೆಟ್ಟಿಗೆಯೊಳಗೇ ಇಡಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ರೇಷ್ಮೆ ತಂತಿಗೆ ಬೂಷ್ಟು ಹಿಡಿಯುತ್ತದೆ, ಅಂಟು ಮೆತ್ತಗಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಬದಲಿಸುತ್ತಿರಿ, ವಾರಕ್ಕೆರಡು ಬಾರಿಯಾದರೂ ಹೊರತೆಗೆದು ನುಡಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ಇದಕ್ಕೆ ವಿರುದ್ಧ: ಹಲಗೆ ಕುಗ್ಗಿ ಅಂಟು ಬಿಡುತ್ತದೆ. ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಎಸಿಯ ಗಾಳಿ ನೇರವಾಗಿ ಬೀಳಬಾರದು.

ಕೊರಿಯಾದಲ್ಲಿ ಇದೇ ತೊಂದರೆ ಚಳಿಗಾಲದಲ್ಲಿ ಬಿಸಿ ಮಾಡಿದ ನೆಲದಿಂದ ಬರುತ್ತದೆ. ಉಲಾನ್‌ಬಾತರಿನಲ್ಲಿ ಇನ್ನೂ ಕಠಿಣ. ಹೊರಗೆ ಸೊನ್ನೆಗಿಂತ 20–30 ಡಿಗ್ರಿ ಕೆಳಗೆ, ಒಳಗೆ ಹೀಟರಿನ ಒಣ ಗಾಳಿ. ಹೊರಗಿನಿಂದ ತಂದ ವಾದ್ಯವನ್ನು ಪೆಟ್ಟಿಗೆ ಮುಚ್ಚಿಯೇ ಮೂರು ನಾಲ್ಕು ಗಂಟೆ ಬಿಡಬೇಕು. ಆತುರಪಟ್ಟು ತೆರೆದರೆ ತಣ್ಣನೆಯ ಮರದ ಮೇಲೆ ನೀರು ಕೂರುತ್ತದೆ.

ವೇದಿಕೆಯಲ್ಲಿ ಸದ್ದು ಸಾಲುವುದಿಲ್ಲ. ಪಿಕಪ್ ಹಾಕಿಸಲೇ?

ಮೊದಲು ಮೈಕ್ ಪ್ರಯತ್ನಿಸಿ: ಬಲಗೈಯಿಂದ 30–40 ಸೆಂ.ಮೀ. ಮೇಲೆ, ಸ್ವಲ್ಪ ಕುದುರೆಗಳ ಕಡೆ ತಿರುಗಿಸಿದ ಒಂದು ಕಂಡೆನ್ಸರ್ ಮೈಕ್. ತಾಳವಾದ್ಯಗಳ ನಡುವೆ ಅದು ಸಾಲದಿದ್ದರೆ ತಳಹಲಗೆಗೆ ಅಂಟಿಸುವ, ಮರದ ಕಂಪನವನ್ನೇ ಹಿಡಿಯುವ ಪೀಜೊ ಪಿಕಪ್. ಮೇಲ್ಹಲಗೆಗೆ ಅಂಟಿಸಿದರೆ ತೆಗೆಯುವಾಗ ಸುಟ್ಟ ಪದರ ಕಿತ್ತು ಬರುತ್ತದೆ. ಊಳಿಡತೊಡಗಿದರೆ ಕೆಳಗಿನ ಕಂಪನಾಂಕಗಳನ್ನು ಇಳಿಸಿ, ಮಾನಿಟರನ್ನು ವಾದ್ಯದ ತಳದ ರಂಧ್ರಗಳಿಂದ ದೂರ ಸರಿಸಿ.

ಅಜ್ಜನ ಕಾಲದ ಒಂದು ಗಯಾಗಮ್ ಸಿಕ್ಕಿದೆ. ತಂತಿ ಹಾಕಿ ನುಡಿಸಲೇ?

ಅವಸರ ಬೇಡ. ಮೊದಲು ಎಲ್ಲ ಬದಿಗಳ ಫೋಟೊ, ಉದ್ದ, ಅಗಲ, ಕುದುರೆಗಳ ಎತ್ತರ, ಒಳಗಿನ ಬರಹವಿದ್ದರೆ ಅದನ್ನೂ ದಾಖಲಿಸಿ. ಒಣಬಟ್ಟೆಯಿಂದ ಧೂಳು ತೆಗೆಯಿರಿ, ಎಣ್ಣೆ, ಪಾಲಿಶ್, ನೀರು ಏನೂ ಬೇಡ. ಹಳೆಯ ತಂತಿಯ ತುಂಡುಗಳನ್ನೂ ಎಸೆಯಬೇಡಿ. ಎಷ್ಟು ಎಳೆ, ಯಾವ ಹೊಸೆತ ಎಂಬುದು ಅದರಿಂದಲೇ ತಿಳಿಯುತ್ತದೆ. ಬಿರುಕಿಗೆ ಫೆವಿಕಾಲ್ ತುಂಬಬೇಡಿ. ಮುಂದೆ ಬಿಚ್ಚಬೇಕಾದಾಗ ಅದು ಮರವನ್ನೇ ಹರಿಯುತ್ತದೆ, ಪ್ರಾಣಿಜನ್ಯ ಅಂಟು ಬಿಸಿನೀರಿಗೆ ಬಿಡುತ್ತದೆ. ಹನ್ನೆರಡು ತಂತಿಗಳನ್ನು ಒಮ್ಮೆಗೇ ಪೂರ್ತಿ ಶ್ರುತಿಗೆ ಎಳೆದರೆ ದಶಕಗಳಿಂದ ಎಳೆತವಿಲ್ಲದೆ ಇದ್ದ ಹಲಗೆ ಕುಸಿಯಬಹುದು. ನಾದ ಕೇಳುವ ಆಸೆಯಿದ್ದರೆ ಅದೇ ಅಳತೆಯ ನಕಲು ಮಾಡಿಸಿ.

ಮೊದಲ ವಾದ್ಯ ಕೊಳ್ಳುವಾಗ ಏನು ನೋಡಬೇಕು?

ತಲೆಯಿಂದ ಬಾಲದವರೆಗೆ ಒಂದು ಕಣ್ಣು ಮುಚ್ಚಿ ನೋಡಿ, ತಿರುಚಿದ್ದರೆ ಬಿಡಿ. ಪ್ರತಿ ತಂತಿಯನ್ನು ಮೀಟಿ, ಎಡಕ್ಕೆ ನಿಧಾನವಾಗಿ ಒಂದು ಸ್ವರದಷ್ಟು ಒತ್ತಿ ಬಿಡಿ: ಏರಿದ ಸ್ವರ ಒಡೆಯಬಾರದು, ಬಿಟ್ಟಾಗ ಮೊದಲಿನ ಶ್ರುತಿಗೇ ಮರಳಬೇಕು. ಬಿರಡೆಗಳು ಕೈಬಿಟ್ಟ ಕೂಡಲೇ ಹಿಂದಿರುಗಬಾರದು. ಕೊರಿಯಾದಿಂದ ತರಿಸುವುದಾದರೆ ಕುದುರೆಗಳನ್ನು ಬಿಚ್ಚಿ ಬೇರೆ ಚೀಲದಲ್ಲಿ ಹಾಕಿಸಿ, ತಂತಿಗಳನ್ನು ಅರ್ಧ ಸಡಿಲಿಸಿ, ತಂತಿಗೂ ಹಲಗೆಗೂ ನಡುವೆ ಮೆತ್ತನೆಯ ಬಟ್ಟೆ ಇಡಿಸಿ. ಒಂದು ಸೆಟ್ ರೇಷ್ಮೆ ತಂತಿ ಮತ್ತು ಎರಡು ಮೂರು ಹೆಚ್ಚುವರಿ ಕುದುರೆ ಅದರ ಜೊತೆಗೇ ತರಿಸಿಕೊಳ್ಳಿ, ಇಲ್ಲಿ ಅವು ಸಿಗುವುದು ಕಷ್ಟ.